ಮಾಣಿಕಪ್ಪ ಪಾಸ್ಟರರ ಕನ್ನಡ ಪುಟ

ನಮ್ಮ ಸಭೆ ಬೆಳೆಯುತ್ತಿದೆ ಎಂಬ ವಾಕ್ಯವನ್ನು ಆರು ವರ್ಷಗಳಲ್ಲಿ ಕಡಿಮೆಯೆಂದರೂ ಎಪ್ಪತ್ತು ಸಲ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೇನೆ. ಸುಳ್ಳೇನಲ್ಲ, ಬೆಳೆದದ್ದು ನಿಜ. ಆದರೆ "ನಮ್ಮ" ಎನ್ನುವ ಹಕ್ಕು ನನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನಾನು ಕ್ರೈಸ್ತಳಲ್ಲ. ಕಾಸರಗೋಡಿನಲ್ಲಿ ಹುಟ್ಟಿ, ಬ್ಯಾಂಕಿನವರನ್ನು ಮದುವೆಯಾಗಿ, ಅವರ ವರ್ಗಾವಣೆಯ ಬಾಲ ಹಿಡಿದು ಕೊಚ್ಚಿಗೆ ಬಂದು ಸೇರಿದ ದಾಕ್ಷಾಯಣಿ. ಕಲೂರಿನ ಮೆಥಡಿಸ್ಟ್ ಚರ್ಚಿನ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಶನಿವಾರ ತ್ರಿಪ್ಪುಣಿತ್ತುರದ ದೇವಸ್ಥಾನಕ್ಕೆ ಸುತ್ತು ಹಾಕುತ್ತೇನೆ, ಸೋಮವಾರ ಮೆಟ್ರೊ ಹತ್ತಿ ಬಂದು ದೀಕ್ಷಾಸ್ನಾನದ ರಿಜಿಸ್ಟರ್ ಬರೆಯುತ್ತೇನೆ. ಎರಡು ದೇವರೂ ಇದುವರೆಗೆ ತಕರಾರು ಎತ್ತಿಲ್ಲ.

ಚರ್ಚು ಒಳಬೀದಿಯಲ್ಲಿದೆ. ಭಾನುವಾರ ಮೂರು ಆರಾಧನೆ. ಬೆಳಿಗ್ಗೆ ಏಳಕ್ಕೆ ಮಲಯಾಳ, ಒಂಬತ್ತಕ್ಕೆ ಇಂಗ್ಲಿಷ್, ಹನ್ನೊಂದಕ್ಕೆ ನೌಕಾಪಡೆಯವರಿಗೂ ಉತ್ತರದಿಂದ ಕೆಲಸಕ್ಕೆ ಬಂದವರಿಗೂ ಹಿಂದಿ. ಒಂದು ಕೂಟ ಚಪ್ಪಲಿ ಹುಡುಕುತ್ತಿರುವಾಗಲೇ ಇನ್ನೊಂದು ಕೂಟ ಒಳಗೆ ನುಗ್ಗುತ್ತದೆ. ಒಂಬೈನೂರು ಇದ್ದ ಸದಸ್ಯರು ಸಾವಿರದ ನಾನೂರು ದಾಟಿದ್ದಾರೆ. ನರ್ಸಮ್ಮಂದಿರು ಮನೆಮಂದಿಯನ್ನು ಕಟ್ಟಿಕೊಂಡು ಕೆನಡಾಕ್ಕೆ ಹಾರುತ್ತಲೇ ಇರುತ್ತಾರೆ, ಆದರೂ ಹೋದವರಿಗಿಂತ ಬಂದವರೇ ಹೆಚ್ಚು. ಹೊಸ ಬಾಲ್ಕನಿ ಕಟ್ಟಿಸಿದ್ದಾಗಿದೆ, ಅದೂ ತುಂಬಿದೆ. ಇಷ್ಟಕ್ಕೂ ಕಾರಣ ಒಬ್ಬ ಮನುಷ್ಯ ಎಂದರೆ ಅವರು ನನ್ನನ್ನು ಬೈಯುತ್ತಾರೆ. ಹಾಗಾಗಿ ಅವರಿಗೆ ಕೇಳದ ಹಾಗೆ ಇಲ್ಲಿ ಹೇಳುತ್ತಿದ್ದೇನೆ.

ಅವರ ಹೆಸರು ರೆವರೆಂಡ್ ದೇವಪುತ್ರ ಮಾಣಿಕಪ್ಪ. ಬೀದರ್ ಜಿಲ್ಲೆ, ಹುಮನಾಬಾದ್ ಸೀಮೆ. ಪಾದ್ರಿಗಳನ್ನು ಅಚ್ಚನ್ ಎಂದು ಕರೆಯುವ ಇಲ್ಲಿನವರಿಗೆ ಮಾಣಿಕ್ ಅಚ್ಚನ್. ಕುಳ್ಳಗೆ, ಗಟ್ಟಿಯಾಗಿ, ಬಿಳಿ ಗಡ್ಡ ಬಿಟ್ಟುಕೊಂಡು, ಛತ್ರಿಯನ್ನು ಎಲ್ಲೆಂದರಲ್ಲಿ ಮರೆತು ಬರುವ ಮನುಷ್ಯ. ಹೆಂಡತಿ ತೀರಿಹೋಗಿ ಹತ್ತು ವರ್ಷವಾಯಿತು. ಮಕ್ಕಳಿಲ್ಲ. ಯಾವ ಮನೆಯಲ್ಲಿ ಯಾರಿಗೆ ಮಂಡಿನೋವು, ಯಾರ ಮಗ ಎರಡು ವಾರದಿಂದ ಚರ್ಚಿಗೆ ಮುಖ ಹಾಕಿಲ್ಲ, ಎಲ್ಲ ಅವರ ತಲೆಯಲ್ಲಿರುತ್ತದೆ. ಆಲುವದಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆಂದರೆ ಮೆಟ್ರೊದ ಆ ತುದಿಯವರೆಗೂ ಹೋಗಿ, ಕಾಲು ಗಂಟೆ ಮಾತೇ ಆಡದೆ ಪಕ್ಕದಲ್ಲಿ ಕೂತು ಬರುತ್ತಾರೆ. ಸಭೆ ಬೆಳೆದದ್ದು ಹೀಗೆ. ಭಾಷಣದಿಂದ ಅಲ್ಲ.

ನಮ್ಮ ಚರ್ಚಿನಲ್ಲಿ ಪಾಸ್ಟರರು ತಿಂಗಳಿಗೊಂದು ಪತ್ರ ಬರೆಯುವ ಪದ್ಧತಿಯಿದೆ. ಸಭೆಯಲ್ಲಿ ಏನಾಯಿತು, ಯಾರು ಸೇರಿದರು, ಯಾರು ತೀರಿಕೊಂಡರು ಎಂದು ಎರಡು ಪುಟ. ಅಚ್ಚಾಗಿ ಎಲ್ಲ ಮನೆಗೂ ಹೋಗುತ್ತದೆ, ಒಂದು ಪ್ರತಿ ಬಿಷಪ್ಪರ ಆಫೀಸಿಗೂ ಹೋಗುತ್ತದೆ. ಹಿಂದಿನವರೆಲ್ಲ ಇಂಗ್ಲಿಷಿನಲ್ಲೇ ಬರೆದು ಕೊಡುತ್ತಿದ್ದರು. ಮಾಣಿಕಪ್ಪನವರು ಬಂದ ಮೊದಲ ತಿಂಗಳು ನನ್ನ ಮೇಜಿನ ಮೇಲೆ ನಾಲ್ಕು ಹಾಳೆ ಕನ್ನಡ ಇಟ್ಟರು. ನಾನು ಕನ್ನಡದವಳೆಂದು ಯಾರೋ ಹೇಳಿದ್ದರಂತೆ. ಇದನ್ನು ಇಂಗ್ಲಿಷ್ ಮಾಡಿಕೊಡಿ ಎಂದರು. ಮೂವತ್ತೈದು ವರ್ಷದಿಂದ ಇಂಗ್ಲಿಷಿನಲ್ಲಿ ಪ್ರಸಂಗ ಮಾಡುವವರು ಪತ್ರ ಬರೆಯಲಾರರೇ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ಇದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ ಎಂದು ಮುಖ ಮುರಿದ ಹಾಗೆ ಹೇಳಿದೆ. ಅವರು ನಕ್ಕರು.

"ಇಂಗ್ಲಿಷಿನಾಗ ಬರೀಲಾಕ ಕುಂತರ ಎಲ್ಲಾ ಛಲೋ ಅದ, ಎಲ್ಲಾ ಛಲೋ ಅದ ಅಂತನೇ ಬರ್ತದ, ಅಕ್ಕಾರ. ಖರೇ ಮಾತು ಕನ್ನಡದಾಗೇ ಬರ್ತದ ನನಗ."

ಓದಿ ನೋಡಿದೆ. ಆ ತಿಂಗಳು ಹನ್ನೊಂದು ಮಕ್ಕಳಿಗೆ ದೀಕ್ಷಾಸ್ನಾನವಾಗಿತ್ತು. ಅವರು ಬರೆದಿದ್ದರು: ಒಂದು ಕೂಸು ನನ್ನ ಗಡ್ಡ ಹಿಡಿದು ಬಿಡಲೇ ಇಲ್ಲ, ನೀರು ಅದಕ್ಕಿಂತ ನನ್ನ ಮೇಲೇ ಹೆಚ್ಚು ಬಿತ್ತು, ಹೀಗಾಗಿ ಆ ದಿನ ಹನ್ನೆರಡು ಮಂದಿಗೆ ದೀಕ್ಷಾಸ್ನಾನವಾಯಿತೆಂದು ಲೆಕ್ಕ. ಇದನ್ನು ನಾನು ಇಂಗ್ಲಿಷಿಗೆ ತರುವಾಗ ಗಡ್ಡ ಉದುರಿಹೋಯಿತು. ಹನ್ನೊಂದು ಶಿಶುಗಳು ದೀಕ್ಷಾಸ್ನಾನ ಪಡೆದವು, ದೇವರಿಗೆ ಸ್ತೋತ್ರ, ಅಷ್ಟೇ ಉಳಿಯಿತು. ಪ್ರತಿ ತಿಂಗಳೂ ಇದೇ ಕಥೆ. ನಾಲ್ಕು ಹಾಳೆಯ ಕನ್ನಡ ಎರಡು ಪುಟದ ಇಂಗ್ಲಿಷಾಗುತ್ತಿತ್ತು. ಬಾಲ್ಕನಿ ಉದ್ಘಾಟನೆಯ ದಿನ ಅವರು ಬರೆದದ್ದು ನೆನಪಿದೆ. ಮೇಲೆ ಕೂತವರ ಮುಖ ನನಗೆ ಕಾಣುವುದಿಲ್ಲ, ಕಾಣದವರಿಗೆ ಹೇಗೆ ಮಾತಾಡಲಿ, ಈ ಸಭೆ ನನ್ನ ಕಣ್ಣಿನ ಅಳತೆಗಿಂತ ದೊಡ್ಡದಾಯಿತು ಎಂದು. ಬಿಷಪ್ಪರಿಗೆ ಹೋದ ಪತ್ರದಲ್ಲಿ ಬಾಲ್ಕನಿಯಲ್ಲಿ ಇನ್ನೂರು ಹೊಸ ಆಸನಗಳಿದ್ದವು.

ಕೆಲಸದ ಪಟ್ಟಿಯ ಮಾತನ್ನು ನಾನು ಎರಡನೇ ತಿಂಗಳಿಗೇ ಮರೆತೆ. ಮೂರನೇ ತಿಂಗಳಿಗೆ, ಅವರು ಪತ್ರ ತರುವ ಮೊದಲ ಸೋಮವಾರ ಯಾವಾಗ ಬರುತ್ತದೆಂದು ಕ್ಯಾಲೆಂಡರ್ ನೋಡತೊಡಗಿದ್ದೆ. ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯವರು, ಕಮಲಾಕ್ಷ, ದಿನಕ್ಕೆ ಆಡುವುದು ನಾಲ್ಕು ಮಾತು, ಅದರಲ್ಲಿ ಎರಡು ಕಾಫಿಯ ಬಗ್ಗೆ. ಮಗಳು ಪ್ರತೀಕ್ಷಾ ತಿರುವನಂತಪುರದಲ್ಲಿ ಓದುತ್ತಾಳೆ. ಫೋನಿನಲ್ಲಿ ನಾನು ಊಟ ಆಯಿತಾ ಎಂದು ಕನ್ನಡದಲ್ಲಿ ಕೇಳಿದರೆ ಅವಳು ಕಳಿಚ್ಚು ಅಮ್ಮೇ ಎಂದು ಮಲಯಾಳದಲ್ಲಿ ಮುಗಿಸುತ್ತಾಳೆ. ಆಫೀಸಿನಲ್ಲಿ ನಾನು ಎಲ್ಲರಿಗೂ ಚೇಚಿ, ಮಲಯಾಳದ ಅಕ್ಕ. ಹೀಗಿರುವಾಗ ಒಬ್ಬರು ನನಗಾಗಿಯೇ ಎಂಬಂತೆ ನಾಲ್ಕು ಹಾಳೆ ತುಂಬ ಕನ್ನಡ ಬರೆದು ತಂದು ಕೊಡುತ್ತಿದ್ದರು. ಅವರ ಕನ್ನಡ ನಮ್ಮ ಕಡೆಯದಲ್ಲ. ನನ್ನ "ಎಂತ" ಕೇಳಿ ಅವರಿಗೆ ನಗು, ಅವರ "ಅದ" ಕೇಳಿ ನನಗೆ ನಗು. ನಾನು ಪತ್ರೊಡೆ ತಂದರೆ, ಎಲೆಗೆ ಇಷ್ಟು ಕಷ್ಟ ಕೊಡೋದು ಯಾಕ ಎಂದು ಕೇಳುತ್ತ ಐದು ತುಂಡು ತಿನ್ನುತ್ತಿದ್ದರು. ಅರ್ಧ ಗಂಟೆ ಹೀಗೆ ಕಳೆದರೆ ನನಗೆ ಆ ತಿಂಗಳು ಸಾಕಾಗುತ್ತಿತ್ತು.

ಒಮ್ಮೆ ಅವರೇ ಹೇಳಿಕೊಂಡರು. ಚಿಕ್ಕಂದಿನಲ್ಲಿ ಅವರ ಹಳ್ಳಿಯ ಸಭೆಯೆಂದರೆ ಒಂದು ಕೋಣೆ, ನೆಲಕ್ಕೆ ಜಮಖಾನೆ, ಒಂದು ತಬಲ, ಎರಡು ಜೊತೆ ತಾಳ. ದಿನವಿಡೀ ಕೂಲಿ ಮಾಡಿ ಬಂದವರು ಕಣ್ಣು ಮುಚ್ಚಿ ಕನ್ನಡದ ಭಜನೆ ಹಾಡುತ್ತಿದ್ದರು. ಹಾಗೆ ಹಾಡಿಸುವ ಪಾಸ್ಟರನಾಗಬೇಕೆಂದೇ ಅವರು ಈ ದಾರಿಗೆ ಬಂದದ್ದು. ಆದರೆ ಬೀದರಿನ ಮಿಷನ್ ಹಾಸ್ಟೆಲಿನಲ್ಲಿ ಓದುವಾಗ ಇಂಗ್ಲಿಷ್ ಚೆನ್ನಾಗಿ ಬಂದುಬಿಟ್ಟಿತು. ಅದೇ ಕುತ್ತಿಗೆಗೆ ಬಂತು. ಇಂಗ್ಲಿಷ್ ಬರುವ ಪಾಸ್ಟರ್ ಎಂದು ಒಂದು ಶಹರದಿಂದ ಇನ್ನೊಂದು ಶಹರಕ್ಕೆ, ಹೈದರಾಬಾದು, ಬೆಂಗಳೂರಿನ ಇಂಗ್ಲಿಷ್ ಸಭೆ, ಮತ್ತೆ ಹೈದರಾಬಾದು, ಕೊನೆಗೆ ಕೊಚ್ಚಿ. ನಲವತ್ತೊಂದು ವರ್ಷದಲ್ಲಿ ಹತ್ತು ಕಡೆ. ಒಂದು ಕಡೆಯೂ ಕನ್ನಡದ ಸಭೆ ಸಿಗಲಿಲ್ಲ. ಹೆಂಡತಿ ಇರುವತನಕ ಮನೆಯಲ್ಲಾದರೂ ಪ್ರಾರ್ಥನೆ ಕನ್ನಡದಲ್ಲಿ ನಡೆಯುತ್ತಿತ್ತು. ಈಗ ಒಬ್ಬನೇ ಗೋಡೆಗೆ ಪ್ರಾರ್ಥನೆ ಮಾಡಿದ ಹಾಗಾಗುತ್ತದೆ ಎಂದರು. ಅದನ್ನು ಅವರು ನಗುತ್ತಲೇ ಹೇಳಿದ್ದರಿಂದ ನಾನೂ ನಕ್ಕೆ. ನಗಬಾರದಿತ್ತು.

ಮೆಥಡಿಸ್ಟರಲ್ಲಿ ಪಾಸ್ಟರರು ಎಲ್ಲಿರಬೇಕೆಂದು ತೀರ್ಮಾನಿಸುವವರು ಪಾಸ್ಟರರಲ್ಲ, ಬಿಷಪ್ಪರು. ವರ್ಷಕ್ಕೊಮ್ಮೆ ಎಲ್ಲ ಪಾಸ್ಟರರೂ ಸಮ್ಮೇಳನಕ್ಕೆ ಸೇರುತ್ತಾರೆ. ಕೊನೆಯ ದಿನ ಬಿಷಪ್ಪರು ನಿಂತು ಹೆಸರು, ಊರು, ಹೆಸರು, ಊರು ಎಂದು ಓದುತ್ತ ಹೋಗುತ್ತಾರೆ. ಓದಿದ್ದೇ ಓದಿದ್ದು, ಆಮೇಲೆ ಮಾತಿಲ್ಲ. ಅದಕ್ಕೆ ಎರಡು ತಿಂಗಳ ಮುಂಚೆ ಪ್ರತಿಯೊಬ್ಬರೂ ಬಿಷಪ್ಪರ ಕೆಳಗೆ ಸಭೆಗಳನ್ನು ನೋಡಿಕೊಳ್ಳುವ ಸೂಪರಿಂಟೆಂಡೆಂಟರಿಗೆ ಒಂದು ಪತ್ರ ಕೊಡಬಹುದು. ಆ ಪತ್ರಕ್ಕೆ ಒಂದು ಕಟ್ಟುಕಟ್ಟಲೆಯಿದೆ. ಸಭೆಯ ಸ್ಥಿತಿಗತಿ, ತನ್ನ ಆರೋಗ್ಯ, ಕಡೆಗೆ "ಸಮ್ಮೇಳನ ನನ್ನನ್ನು ಎಲ್ಲಿಗೆ ಕಳಿಸಿದರೂ ಸಂತೋಷದಿಂದ ಹೋಗುತ್ತೇನೆ" ಎಂಬ ಸಾಲು. ಎಲ್ಲರೂ ಬರೆಯುವ ಸಾಲು ಅದು. ಅದಿಲ್ಲದ ಪತ್ರವನ್ನು ನಾನು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಕಂಡೆ. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಅಂದರೆ ಬರುವ ನೇಮಕವೇ ಕೊನೆಯದು. ಮಾಣಿಕಪ್ಪನವರು ಒಂದೇ ಹಾಳೆ ತಂದು ಇಟ್ಟು, ಯಾವತ್ತೂ ಕೂರುವವರು ಕೂರದೆ ಹೋದರು. ಅದರಲ್ಲಿ ಇದ್ದದ್ದು ಇಷ್ಟು:

"ನಲವತ್ತೊಂದು ವರ್ಷ ಇನ್ನೊಬ್ಬರ ಮಾತಿನಲ್ಲಿ ದೇವರ ಕೆಲಸ ಮಾಡಿದೆ. ಬೇಸರವಿಲ್ಲ. ಕೊನೆಯ ಒಂದು ವರ್ಷ ನನ್ನ ಮಾತಿನಲ್ಲಿ ಮಾಡಬೇಕೆಂದು ಆಸೆ. ಹುಮನಾಬಾದ್ ಕಡೆಯ ಯಾವುದಾದರೂ ಸಣ್ಣ ಸಭೆ ಕೊಡಿರಿ. ಇಪ್ಪತ್ತು ಮನೆ ಇದ್ದರೂ ಸಾಕು. ಜನ ನೆಲದ ಮೇಲೆ ಕೂತು ಕನ್ನಡದಲ್ಲಿ ಆಮೆನ್ ಅನ್ನುವುದನ್ನು ಒಂದು ವರ್ಷ ಕೇಳಬೇಕು. ಎಲ್ಲಿಗೆ ಕಳಿಸಿದರೂ ಹೋಗುತ್ತೇನೆಂದು ಪ್ರತಿ ವರ್ಷ ಬರೆದೆ. ಈ ಸಲ ಅದನ್ನು ಬರೆಯುವುದಿಲ್ಲ."

ಮೊದಲು ಬಂದ ಯೋಚನೆ ಅವರದಲ್ಲ, ನನ್ನದು. ಹೋಗಿಬಿಡುತ್ತಾರೆ. ಹೊಸಬರು ಬರುತ್ತಾರೆ, ಇಂಗ್ಲಿಷಿನಲ್ಲಿ ಬರೆದು ಕೊಡುತ್ತಾರೆ, ನಾನು ಚೇಚಿಯಾಗಿ ಟೈಪ್ ಮಾಡುತ್ತೇನೆ. ಸಾಯಂಕಾಲದವರೆಗೆ ಆ ಹಾಳೆಯನ್ನು ಮುಟ್ಟಲಿಲ್ಲ. ಮಾರನೇ ದಿನ ಇಂಗ್ಲಿಷ್ ಮಾಡಿದೆ. ಆಸೆಯ ಮಾತು ಬರೆದೆ, ಹುಮನಾಬಾದಿನ ಹೆಸರೂ ಬರೆದೆ, ಅದನ್ನು ಬಿಡುವಷ್ಟು ಕಟುಕಳಲ್ಲ ನಾನು. ಆದರೆ ಅವಕಾಶವಿದ್ದರೆ ಎಂದು ಒಂದು ಮಾತು ಸೇರಿಸಿದೆ. ಸಭೆ ಹೇಗೆ ಬೆಳೆದಿದೆ ಎಂದು ಒಂದು ಪ್ಯಾರಾ ಹೆಚ್ಚಿಗೆ ಹಾಕಿದೆ, ಸಾವಿರದ ನಾನೂರು, ಬಾಲ್ಕನಿ, ಎಲ್ಲ. ಕಡೆಗೆ, ಅವರು ಬರೆಯುವುದಿಲ್ಲ ಎಂದ ಆ ಸಾಲನ್ನು ನಾನೇ ಬರೆದೆ. ಸಮ್ಮೇಳನ ನನ್ನನ್ನು ಎಲ್ಲಿಗೆ ಕಳಿಸಿದರೂ ಸಂತೋಷದಿಂದ ಹೋಗುತ್ತೇನೆ.

ಪದ್ಧತಿ ಹಾಗಿದೆ, ಅದಿಲ್ಲದಿದ್ದರೆ ಮೇಲಿನವರಿಗೆ ಉದ್ಧಟತನವೆನ್ನಿಸೀತು, ಅವರ ಒಳ್ಳೆಯದಕ್ಕೇ ಬರೆದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಪತ್ರವನ್ನು ಅವರ ಮುಂದೆ ಇಟ್ಟೆ. ಆರು ವರ್ಷದಲ್ಲಿ ಅವರು ನಾನು ಬರೆದ ಇಂಗ್ಲಿಷನ್ನು ಒಂದು ದಿನವೂ ಓದಿ ನೋಡಿದವರಲ್ಲ. ಕಣ್ಣು ಮುಚ್ಚಿ ಸಹಿ. ಅವತ್ತೂ ಹಾಗೇ ಹಾಕಿದರು. ಓದಿ ಎಂದು ನಾನು ಹೇಳಲಿಲ್ಲ.

ಏಪ್ರಿಲಿನಲ್ಲಿ ಸಮ್ಮೇಳನ ತಿರುವನಂತಪುರದಲ್ಲಿ ನಡೆಯಿತು. ಸಭೆಯ ಅಂಕಿಅಂಶದ ಫಾರಂಗಳನ್ನು ಒಪ್ಪಿಸಲು ನನ್ನನ್ನೂ ಕಳಿಸಿದ್ದರು. ಮೂರು ದಿನ ಮಗಳ ಬಾಡಿಗೆ ಕೋಣೆಯಲ್ಲಿದ್ದೆ. ಅವಳು ಪರೀಕ್ಷೆಗೆ ಓದುತ್ತಿದ್ದಳು, ನಾನು ಫಾರಂಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಮಾಣಿಕಪ್ಪನವರು ಮಾತ್ರ ಹುಡುಗನಾಗಿಬಿಟ್ಟಿದ್ದರು. ಎರಡನೇ ದಿನ ಊಟದ ಸಾಲಿನಲ್ಲಿ ಹುಮನಾಬಾದ್ ಕಡೆಯ ಪಾಸ್ಟರೊಬ್ಬರನ್ನು ಹಿಡಿದುಕೊಂಡು, ಈಗಲೂ ಅಲ್ಲಿ ತಬಲ ಇದೆಯೋ, ಕೀಬೋರ್ಡು ಬಂತೋ ಎಂದು ವಿಚಾರಿಸುತ್ತಿದ್ದರು. ತಬಲ ಇದೆಯೆಂದು ಕೇಳಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಅನ್ನ ಬಡಿಸಿಕೊಳ್ಳುವ ನೆಪದಲ್ಲಿ ಮುಂದೆ ಹೋದೆ.

ಕೊನೆಯ ದಿನ ಬಿಷಪ್ಪರು ಪಟ್ಟಿ ಓದಿದರು. ಹುಮನಾಬಾದ್ ಕಡೆಯ ಹೆಸರುಗಳು ಮೊದಲೇ ಬಂದವು. ಒಂದೊಂದು ಊರು ಬಂದಾಗಲೂ ಮಾಣಿಕಪ್ಪನವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಆ ಊರುಗಳೆಲ್ಲ ಮುಗಿದವು. ಆಮೇಲೂ ಅವರು ಬಾಗಿಯೇ ಕೂತಿದ್ದರು. ಬಹಳ ಹೊತ್ತಿನ ಮೇಲೆ ದೇವಪುತ್ರ ಮಾಣಿಕಪ್ಪ, ಕೊಚ್ಚಿ ಎಂದು ಕೇಳಿಸಿತು. ಹೆಸರು ಕರೆದಾಗ ಎದ್ದು ನಿಂತು ತಲೆಬಾಗುವುದು ಅವರಲ್ಲಿ ರೂಢಿ. ಅವರು ಎದ್ದರು, ತಲೆಬಾಗಿದರು, ಕೂತರು. ನಮ್ಮ ಕೊಚ್ಚಿಯ ಸಭೆಯವರು ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು, ಪಾಪ.

ಮಧ್ಯಾಹ್ನ ಸೂಪರಿಂಟೆಂಡೆಂಟರೇ ಹುಡುಕಿಕೊಂಡು ಬಂದು ಮಾಣಿಕಪ್ಪನವರ ಕೈ ಹಿಡಿದರು. ನಾನು ಪಕ್ಕದಲ್ಲೇ ಇದ್ದೆ. ಹುಮನಾಬಾದ್ ಕಡೆ ಒಂದು ಜಾಗ ಖಾಲಿ ಇತ್ತೆಂದೂ, ಇವರ ಹೆಸರು ಮಾತಿಗೆ ಬಂದಿತ್ತೆಂದೂ ಹೇಳಿದರು. ಆದರೆ ಇನ್ನೊಬ್ಬರು ಅಲ್ಲಿಗೇ ಬೇಕೆಂದು ಹಟ ಹಿಡಿದಿದ್ದರು, ನೀವು ಎಲ್ಲಿಗೆ ಕಳಿಸಿದರೂ ಸಂತೋಷವೆಂದು ಬರೆದಿದ್ದಿರಿ, ಅಷ್ಟು ದೊಡ್ಡ ಸಭೆ ಬೆಳೆಯುತ್ತಿರುವಾಗ ನಿಮ್ಮನ್ನು ಎತ್ತಲು ಮನಸ್ಸಾಗಲಿಲ್ಲ, ನಿಮ್ಮ ದೊಡ್ಡ ಮನಸ್ಸಿನಿಂದ ನಮಗೆ ಸುಲಭವಾಯಿತು ಎಂದರು. ನಾನು ಹಾಗೆ ಬರೆಯಲಿಲ್ಲ ಎಂದು ಮಾಣಿಕಪ್ಪನವರು ಹೇಳಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸೂಪರಿಂಟೆಂಡೆಂಟರಿಗೆ ವಂದನೆ ಹೇಳಿದರು.

ಮೂರು ಗಂಟೆಯ ರೈಲಿನಲ್ಲಿ ಎದುರುಬದುರು ಕೂತು ಹೊರಟೆವು. ಕೊಲ್ಲಂ ದಾಟಿದ ಮೇಲೆ ಇನ್ನು ತಡೆಯಲಾಗಲಿಲ್ಲ.

"ಪಾಸ್ಟರ್, ಆ ಸಾಲು ನಾನು ಬರೆದದ್ದು," ಎಂದೆ. "ಮರೆತು ಅಲ್ಲ. ಬೇಕೂಂತಲೇ ಬರೆದದ್ದು. ನೀವು ಹೋದರೆ ನನ್ನ ಹತ್ತಿರ ಕನ್ನಡ ಮಾತಾಡ್ಲಿಕ್ಕೆ ಯಾರೂ ಇಲ್ಲ."

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಿಟಕಿಯ ಕಡೆ ತಿರುಗಿ ಕೂತರು. ಕಾಯಂಕುಳಂ ಬಂತು, ಹೋಯಿತು. ಚಹಾದವನು ಎರಡು ಸಲ ಬಂದು ಹೋದ. ಕೋಟ್ಟಯಂ ಹತ್ತಿರ ಬರುವಾಗ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು, ಕಣ್ಣು ಎಂದು ನಾನು ಹೇಳಲಾರೆ. ಎರ್ನಾಕುಳಂನಲ್ಲಿ ಇಳಿಯುವಾಗ ನನ್ನ ಚೀಲವನ್ನು ತಾವೇ ಕೆಳಗಿಳಿಸಿ ಕೊಟ್ಟು, ಹುಷಾರಾಗಿ ಮನೆಗೆ ಹೋಗಿ ಎಂದರು. ಆ ಒಳ್ಳೆಯತನವೇ ನನ್ನನ್ನು ಸುಟ್ಟಿತು. ಮೆಟ್ರೊದಲ್ಲಿ ಮನೆಯವರೆಗೂ ಅತ್ತೆ. ಎದುರು ಕೂತಿದ್ದ ಹೆಂಗಸು ಏನಾಯಿತು ಚೇಚೀ ಎಂದು ಕೇಳಿದಳು, ನೀರು ಕೊಟ್ಟಳು. ಮಲಯಾಳದಲ್ಲಿ ಹೇಳಲು ಸುಲಭದ ಸುಳ್ಳು ಸಿಕ್ಕಿತು, ತಲೆನೋವು ಎಂದೆ.

ಮೇ ತಿಂಗಳ ಮೊದಲ ಸೋಮವಾರ ಅವರು ಬಂದರು. ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಇಂಗ್ಲಿಷ್. ತಮ್ಮದೇ ಕೈಬರಹ, ಗುಂಡಗಿನ ಹಾಸ್ಟೆಲ್ ಅಕ್ಷರ. ಇನ್ನು ಮುಂದೆ ನಾನೇ ಬರೆಯುತ್ತೇನೆ, ನಿಮಗೆ ಸುಮ್ಮನೆ ಎರಡೆರಡು ಕೆಲಸ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಓದಿದೆ. ದೇವರ ಕೃಪೆಯಿಂದ ಸಭೆ ಬೆಳೆಯುತ್ತಿದೆ. ಒಂಬತ್ತು ದೀಕ್ಷಾಸ್ನಾನ, ನಾಲ್ಕು ಮದುವೆ, ಇಪ್ಪತ್ತೆರಡು ಹೊಸ ಸದಸ್ಯರು. ಒಂದು ತಪ್ಪೂ ಇರಲಿಲ್ಲ. ಎಲ್ಲ ಚೆನ್ನಾಗಿತ್ತು. ಅದನ್ನು ಅಚ್ಚಿಗೆ ಕಳಿಸಿದೆ.

ಜೂನ್, ಜುಲೈ, ಹೀಗೇ ಡಿಸೆಂಬರ್ ದಾಟಿತು. ಅವರಿಗೆ ನನ್ನ ಮೇಲೆ ಸಿಟ್ಟಿದೆಯೆಂದು ಯಾರೂ ಹೇಳಲಾರರು. ಕಮಲಾಕ್ಷರಿಗೆ ಜ್ವರ ಬಂದಾಗ ಮನೆಗೆ ಬಂದು ಕೂತು, ಎಂದಿನ ಹಾಗೆ ಮಾತಿಲ್ಲದೆ ಕಾಲು ಗಂಟೆ ಇದ್ದು ಹೋದರು. ಇಬ್ಬರು ಮೌನಿಗಳಿಗೂ ಚೆನ್ನಾಗಿ ಹೊಂದಿತು. ಆಫೀಸಿನಲ್ಲಿ ಸಿಕ್ಕರೆ ಗುಡ್ ಮಾರ್ನಿಂಗ್, ಫಾರಂ ಬೇಕಿದ್ದರೆ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಥ್ಯಾಂಕ್ಯೂ ಎನ್ನುತ್ತಾರೆ. ಪತ್ರೊಡೆ ತಂದರೆ ಒಂದು ತುಂಡು ತಿಂದು ವೆರಿ ನೈಸ್ ಎನ್ನುತ್ತಾರೆ. ಯಾರನ್ನು ಹಿಡಿದಿಟ್ಟುಕೊಳ್ಳಬೇಕೆಂದು ಆ ಸಾಲು ಬರೆದೆನೋ ಆ ಮನುಷ್ಯ ಆವತ್ತೇ ಹೊರಟುಹೋಗಿದ್ದರು. ನನ್ನ ಪಾಲಿಗೆ ಉಳಿದವರು ಮಾಣಿಕ್ ಅಚ್ಚನ್.

ಮೊನ್ನೆ ಸೋಮವಾರ ಫೆಬ್ರವರಿಯ ಪತ್ರ ತಂದಿಟ್ಟರು. ಬರುವ ಮೇ ತಿಂಗಳಿಗೆ ನಿವೃತ್ತಿ. ಸದಸ್ಯರ ಸಂಖ್ಯೆ ಸಾವಿರದ ಐನೂರು ಮುಟ್ಟಿತೆಂದು ಬರೆದಿದ್ದರು. ಅವರು ಬಾಗಿಲ ತನಕ ಹೋದಮೇಲೆ ನನಗೆ ಏನಾಯಿತೋ, ಎದ್ದು ನಿಂತು ಕರೆದೆ. ಇಡೀ ಆಫೀಸು ನೋಡುತ್ತಿತ್ತು, ನೋಡಲಿ ಎಂದುಕೊಂಡೆ.

"ಪಾಸ್ಟರ್, ಇನ್ನು ಮೂರೇ ಪತ್ರ ಉಂಟು. ಕನ್ನಡದಲ್ಲಿ ಬರೆದುಕೊಡಿ. ಒಂದಾದರೂ."

ಅವರು ನಿಂತರು. ಹತ್ತು ತಿಂಗಳ ಮೇಲೆ ಮೊದಲ ಸಲ ಕನ್ನಡದಲ್ಲಿ, ಮೆತ್ತಗೆ, ನಿಜವಾಗಿ ಉತ್ತರ ಬೇಕೆನ್ನುವವರ ಹಾಗೆ ಕೇಳಿದರು.

"ಯಾರಿಗಿ ಬರೀಲಿ, ಅಕ್ಕಾರ?"

ನನಗೆ ಬರೆಯಿರಿ ಎನ್ನಬೇಕಿತ್ತು. ಅದರ ಬದಲು ಮೇಜಿನ ಮೇಲಿದ್ದ ಇಂಗ್ಲಿಷ್ ಹಾಳೆಗಳನ್ನು ಸರಿಯಾಗಿ ಜೋಡಿಸತೊಡಗಿದೆ. ಅವರು ತಲೆಯಾಡಿಸಿ, ಬಾಗಿಲು ಎಳೆದುಕೊಂಡು ಹೋದರು.